ಗಾಳಿ ಕಂಡರಾಗದ ರೋಗಾಣು, ಹೊಲಿಯಬಾರದ ಗಾಯ

ಗಾಯವಾದರೆ ತೊಳೆದು, ಹೊಲಿಗೆ ಹಾಕಿ, ಬ್ಯಾಂಡೇಜ್ ಕಟ್ಟಬೇಕು. ಸರಿ ಅಲ್ವಾ? 1914ರಲ್ಲಿ ಮೊದಲ ಮಹಾಯುದ್ಧಕ್ಕೆ ಹೋದ ಎಷ್ಟೋ ಸರ್ಜನ್‌ಗಳೂ ಹಾಗೇ ಅಂದುಕೊಂಡಿದ್ದರು. ಆದರೆ ಹೊಲಿದ ಗಾಯ ಒಂದೆರಡು ದಿನದಲ್ಲೇ ಊದಿಕೊಳ್ಳುತ್ತಿತ್ತು. ಚರ್ಮ ಕಂಚಿನ ಬಣ್ಣಕ್ಕೆ ತಿರುಗುತ್ತಿತ್ತು. ಒತ್ತಿದರೆ ಒಳಗೆ ಗಾಳಿಗುಳ್ಳೆಗಳು ಚರಚರ ಅನ್ನುತ್ತಿದ್ದವು. ಗಾಯ ನೋಡಿದರೆ ಚಿಕ್ಕದು, ನೋವು ಮಾತ್ರ ತಡೆಯಲಾಗದಷ್ಟು. ಇದೇ ಗ್ಯಾಸ್ ಗ್ಯಾಂಗ್ರೀನ್, ಮಾಂಸವನ್ನೇ ಕೊಳೆಸುವ ಸೋಂಕು.

ರೋಗಾಣು ಆಗಲೇ ಗೊತ್ತಿತ್ತು. ಆಮ್ಲಜನಕ ಇಲ್ಲದೆಯೇ ಬದುಕುವ ಜೀವಿಗಳಿವೆ ಎಂದು ಲೂಯಿ ಪಾಶ್ಚರ್ 1861ರಲ್ಲೇ ಹೇಳಿದ್ದರು. 1891ರಲ್ಲಿ ಬಾಲ್ಟಿಮೋರ್‌ನಲ್ಲಿ ವಿಲಿಯಂ ವೆಲ್ಚ್ ಒಂದು ಶವಪರೀಕ್ಷೆ ಮಾಡಿದಾಗ ರಕ್ತನಾಳಗಳಲ್ಲಿ ಗುಳ್ಳೆಗಳೇ ಗುಳ್ಳೆಗಳು. ಅಲ್ಲಿ ಸಿಕ್ಕ ಬ್ಯಾಕ್ಟೀರಿಯಾವೇ ಈಗಿನ ಕ್ಲಾಸ್ಟ್ರಿಡಿಯಂ ಪರ್ಫ್ರಿಂಜೆನ್ಸ್. ಧನುರ್ವಾಯು ತರುವ ರೋಗಾಣು ಇದರ ದಾಯಾದಿ.

ಇದರ ವಾಸ ಮಣ್ಣಿನಲ್ಲಿ, ಮನುಷ್ಯರ ಮತ್ತು ಪ್ರಾಣಿಗಳ ಕರುಳಿನಲ್ಲಿ. ಗಾಳಿ ತಾಗಿದರೆ ಬೆಳೆಯುವುದಿಲ್ಲ, ಗಟ್ಟಿ ಚಿಪ್ಪಿನ ಬೀಜಾಣುವಾಗಿ ಸುಮ್ನೆ ಕಾಯುತ್ತದೆ. ಫ್ರಾನ್ಸ್, ಬೆಲ್ಜಿಯಂಗಳ ಯುದ್ಧಭೂಮಿ ಅಂದರೆ ತಲೆಮಾರುಗಳಿಂದ ಗೊಬ್ಬರ ಹಾಕಿದ ಹೊಲ. ಶೆಲ್‌ನ ಚೂರುಗಳು ಆ ಮಣ್ಣನ್ನೂ ಸಮವಸ್ತ್ರದ ಬಟ್ಟೆಯನ್ನೂ ಮಾಂಸದ ಆಳಕ್ಕೆ ಒಯ್ಯುತ್ತಿದ್ದವು. ಅಲ್ಲಿ ರಕ್ತ ಹರಿಯದ, ಸತ್ತ ಮಾಂಸ. ಅದರ ಮೇಲೆ ಹೊಲಿಗೆ ಹಾಕುವುದೆಂದರೆ ಡಬ್ಬಕ್ಕೆ ಮುಚ್ಚಳ ಹಾಕಿದ ಹಾಗೆ.

ಹಾಗಾದರೆ ಔಷಧಿ ಸುರಿದು ತೊಳೆದರೆ? ಬೂಲೋನ್‌ನ ಸೇನಾ ಆಸ್ಪತ್ರೆಯಲ್ಲಿದ್ದ ಅಲೆಕ್ಸಾಂಡರ್ ಫ್ಲೆಮಿಂಗ್ ಗಾಯದ ಸಂದುಗೊಂದುಗಳನ್ನೇ ಹೋಲುವ ಗಾಜಿನ ಕೊಳವೆ ಮಾಡಿ ತೋರಿಸಿದರು: ಆಂಟಿಸೆಪ್ಟಿಕ್ ಆ ಮೂಲೆಗಳಿಗೆ ತಲುಪುವುದೇ ಇಲ್ಲ. ಉಳಿದ ದಾರಿ ಕತ್ತರಿ. ಬೆಲ್ಜಿಯಂನ ಸರ್ಜನ್ ಆಂಟ್ವಾನ್ ಡೆಪಾಜ್ ಸತ್ತ ಮಾಂಸವನ್ನೆಲ್ಲ ಕತ್ತರಿಸಿ ತೆಗೆದು, ಗಾಯವನ್ನು ತೆರೆದೇ ಬಿಟ್ಟು, ಸೋಂಕಿಲ್ಲ ಎಂದು ಖಾತ್ರಿಯಾದ ಮೇಲೆ ಹೊಲಿಯುವ ಕ್ರಮವನ್ನು ಬೆಳೆಸಿದರು. ನನ್ನ ಪ್ರಕಾರ ಈ ಕಥೆಯ ದೊಡ್ಡ ತಿರುವು ಇದೇ. ಆಮೇಲೆ ಬಂದದ್ದೆಲ್ಲ ಇದಕ್ಕೆ ಒತ್ತಾಸೆ.

ಮಾಂಸ ಕರಗುವುದು ಹೇಗೆ ಎನ್ನುವುದಕ್ಕೆ ಮೊದಲ ಸುಳಿವು ಸಿಕ್ಕಿದ್ದು 1941ರಲ್ಲಿ. ಪರ್ಫ್ರಿಂಜೆನ್ಸ್ ಬಿಡುವ ಆಲ್ಫಾ ಟಾಕ್ಸಿನ್ ಎಂಬ ವಿಷ ಒಂದು ಕಿಣ್ವ, ಜೀವಕೋಶದ ಪೊರೆಯ ಕೊಬ್ಬನ್ನೇ ಒಡೆಯುತ್ತದೆ ಎಂದು ಮ್ಯಾಕ್‌ಫರ್ಲೇನ್ ಮತ್ತು ನೈಟ್ ಎಂಬ ವಿಜ್ಞಾನಿಗಳು ಕಂಡುಕೊಂಡರು. ಬ್ಯಾಕ್ಟೀರಿಯಾದ ವಿಷವೊಂದು ಕಿಣ್ವ ಎಂದು ಗೊತ್ತಾಗಿದ್ದು ಅದೇ ಮೊದಲು. ಈ ವಿಷದ ಇನ್ನೊಂದು ಕೆಲಸ ತಿಳಿದದ್ದು ತುಂಬಾ ತಡವಾಗಿ. ಇದು ಸಣ್ಣ ರಕ್ತನಾಳಗಳೊಳಗೆ ರಕ್ತಕಣಗಳನ್ನು ಗಂಟುಕಟ್ಟಿಸುತ್ತದೆ. ರಕ್ತ ನಿಲ್ಲುತ್ತದೆ, ಆಮ್ಲಜನಕ ಇಳಿಯುತ್ತದೆ, ಪಕ್ಕದ ಮಾಂಸವೂ ಸಾಯುತ್ತದೆ. ಅಂದರೆ ತನಗೆ ಬೇಕಾದ ಗಾಳಿಯಿಲ್ಲದ ಕೋಣೆಯನ್ನು ತಾನೇ ಕಟ್ಟಿಕೊಳ್ಳುತ್ತಾ ಹೋಗುತ್ತದೆ. ಬಿಳಿ ರಕ್ತಕಣಗಳೂ ದಾರಿಯಲ್ಲೇ ಸಿಕ್ಕಿಬೀಳುವುದರಿಂದ ಅಲ್ಲಿ ಕೀವು ಕಾಣುವುದೇ ಅಪರೂಪ.

ಪೆನಿಸಿಲಿನ್ ರೋಗಾಣುವನ್ನು ಕೊಲ್ಲುತ್ತದೆ. ಜೊತೆಗೆ ಕೊಡುವ ಕ್ಲಿಂಡಮೈಸಿನ್ ವಿಷದ ತಯಾರಿಕೆ ನಿಲ್ಲಿಸುತ್ತದೆ. ಆದರೆ ರಕ್ತವೇ ಹೋಗದ ಕಡೆ ಔಷಧಿ ಹೋಗುವುದಾದರೂ ಹೇಗೆ? 1961ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನ ವೈದ್ಯರು ರೋಗಿಯನ್ನು ಹೆಚ್ಚು ಒತ್ತಡದ ಆಮ್ಲಜನಕದ ಕೋಣೆಯಲ್ಲಿಡುವ ಚಿಕಿತ್ಸೆಯನ್ನು ಮುಂದಿಟ್ಟರು. ಅದರ ಲಾಭ ಎಷ್ಟು ಎಂಬ ಚರ್ಚೆ ಇನ್ನೂ ಮುಗಿದಿಲ್ಲ. ಕತ್ತರಿಗೆ ಮೊದಲ ಸ್ಥಾನ ಎನ್ನುವುದರಲ್ಲಿ ಮಾತ್ರ ಚರ್ಚೆಯಿಲ್ಲ.

ಕೆಲವೊಮ್ಮೆ ಗಾಯವೇ ಇರುವುದಿಲ್ಲ. ಇದೇ ರೋಗ ತರುವ ಇನ್ನೊಂದು ಬ್ಯಾಕ್ಟೀರಿಯಾ, 1877ರಲ್ಲಿ ಪಾಶ್ಚರ್ ಗುರುತಿಸಿದ ಕ್ಲಾಸ್ಟ್ರಿಡಿಯಂ ಸೆಪ್ಟಿಕಂ, ಅಲ್ಪಸ್ವಲ್ಪ ಆಮ್ಲಜನಕವನ್ನು ತಡೆದುಕೊಳ್ಳುತ್ತದೆ. ಕರುಳಿನ ಗೋಡೆಯಲ್ಲಿ ಬಿರುಕು ಸಿಕ್ಕರೆ ರಕ್ತ ಸೇರಿ, ಎಲ್ಲೋ ತೊಡೆಯ ಮಾಂಸಕ್ಕೆ ಇಳಿಯುತ್ತದೆ. ಆ ಬಿರುಕಿಗೆ ಎಷ್ಟೋ ಸಲ ಕಾರಣ ಇನ್ನೂ ಪತ್ತೆಯಾಗದ ಕರುಳಿನ ಕ್ಯಾನ್ಸರ್. ಹಾಗಾಗಿ ತೊಡೆಗೆ ಆಪರೇಷನ್ ಮಾಡಿದ ಡಾಕ್ಟರು, ರೋಗಿ ಚೇತರಿಸಿಕೊಂಡ ಮೇಲೆ ಕರುಳಿನ ಪರೀಕ್ಷೆಗೂ ಬರೆದುಕೊಡುತ್ತಾರೆ.