ಮಾಸು ಹೂಳುತ್ತಿದ್ದ ಊರಿಗೆ ಲಾಕರ್ ಬಂತು

ಕಾಸರಗೋಡು ಜಿಲ್ಲೆಯ ಬದಿಯಡ್ಕದ ಕಡೆಯ ನಮ್ಮ ಮನೆಯಲ್ಲಿ ಹೆರಿಗೆಯಾದರೆ ಮಾಸನ್ನು ಹಿತ್ತಿಲಲ್ಲಿ ಆಳಕ್ಕೆ ಹೂಳುತ್ತಿದ್ದರು. ನಾಯಿ ಕೆದಕದ ಹಾಗೆ ಮೇಲೊಂದು ಕಲ್ಲು. ಅಲ್ಲಿಗೆ ಅದರ ಕಥೆ ಮುಗಿಯಿತು. ಈಗ ಆ ಮಾಸಿಗಂಟಿದ ಹೊಕ್ಕುಳಬಳ್ಳಿಯಲ್ಲಿ ಉಳಿದ ರಕ್ತ ಕಾಪಿಡಲು ಹತ್ತಾರು ಸಾವಿರ ಕೊಡಬೇಕು. ಕಂತಿನಲ್ಲೂ ಕಟ್ಟಬಹುದು.

ಅಕ್ಕನ ಮಗಳ ಜೊತೆ ಮಂಗಳೂರಿನ ಆಸ್ಪತ್ರೆಯೊಂದಕ್ಕೆ ಹೋಗಿದ್ದೆ. ನಮಗೆ ದೊಡ್ಡಾಸ್ಪತ್ರೆ ಅಂದರೆ ಮಂಗಳೂರೇ. ಅದು ಎಷ್ಟು ದೂರ ಅಂತ ಗೊತ್ತಾದದ್ದು 2020ರಲ್ಲಿ ಕೇರಳ-ಕರ್ನಾಟಕದ ನಡುವಿನ ತಲಪಾಡಿ ಗಡಿ ಮುಚ್ಚಿದಾಗ. ಸ್ಕ್ಯಾನಿಗೆ ಕಾಯುತ್ತಾ ಕೂತಿದ್ದೆವು, ಬಳ್ಳಿರಕ್ತ ಕಾಪಿಡುವ ಕಂಪನಿಯ ಟೈ ಕಟ್ಟಿದ ಹುಡುಗನೊಬ್ಬ ಬಂದ. ಕೈಯಲ್ಲಿ ಕಾಯಿಲೆಗಳ ಉದ್ದ ಪಟ್ಟಿ. ‘ಇದು ಒಂದೇ ಸಲ ಸಿಗೋದು ಮೇಡಂ, ಆಮೇಲೆ ಬೇಕು ಅಂದ್ರೂ ಇಲ್ಲ’ ಅಂದ. ಅವನು ಅತ್ತ ಹೋದ ಮೇಲೆ ಅವಳು ಮೆಲ್ಲಗೆ ಕೇಳಿದಳು: ‘ಮಾವ, ಮಾಡಿಸದಿದ್ರೆ ತಪ್ಪಾಗ್ತದಾ?’

ಈ ಉದ್ಯಮ ನಿಂತಿರುವುದೇ ಆ ಪ್ರಶ್ನೆಯ ಮೇಲೆ.

ಶುರುವಾದದ್ದು ಮಾತ್ರ ಹೀಗಲ್ಲ. 1988ರ ಅಕ್ಟೋಬರಿನಲ್ಲಿ ಪ್ಯಾರಿಸಿನ ಸೇಂಟ್ ಲೂಯಿ ಆಸ್ಪತ್ರೆಯಲ್ಲಿ ಎಲಿಯಾನ್ ಗ್ಲುಕ್‌ಮನ್ ಎಂಬ ವೈದ್ಯೆಯ ತಂಡ ಅಮೆರಿಕದ ಐದು ವರ್ಷದ ಹುಡುಗನಿಗೆ ಮೊದಲ ಸಲ ಬಳ್ಳಿಯ ರಕ್ತ ಕೊಟ್ಟಿತು. ಅವನಿಗಿದ್ದದ್ದು ಫ್ಯಾಂಕೋನಿ ಅನೀಮಿಯಾ, ಮೂಳೆಮಜ್ಜೆಯೇ ಸೋಲುವ ಕಾಯಿಲೆ. ಆ ರಕ್ತ ಅವನದಲ್ಲ, ಹೊಸದಾಗಿ ಹುಟ್ಟಿದ್ದ ತಂಗಿಯದು. ಹುಡುಗ ಬದುಕಿದ. ಬಿಸಾಡುವ ಬಳ್ಳಿಯಲ್ಲಿ ಹೊಸ ರಕ್ತ ಹುಟ್ಟಿಸುವ ಸ್ಟೆಮ್ ಸೆಲ್‌ಗಳಿವೆ, ಅವನ್ನು ಇನ್ನೊಬ್ಬರಿಗೆ ಕೊಡಬಹುದು ಅನ್ನುವುದು ಖಾತ್ರಿಯಾಯಿತು. 1990ರ ದಶಕದ ಆರಂಭದಲ್ಲಿ ನ್ಯೂಯಾರ್ಕ್ ಬ್ಲಡ್ ಸೆಂಟರಿನಲ್ಲಿ ಪಾಬ್ಲೊ ರೂಬಿನ್‌ಸ್ಟೈನ್ ದಾನದ ಬ್ಯಾಂಕ್ ಕಟ್ಟಿದರು. ಯಾರೋ ಕೊಟ್ಟದ್ದು, ಹೊಂದುವ ಇನ್ಯಾರಿಗೋ.

ಅದೇ ದಶಕದಲ್ಲಿ ಕಂಪನಿಗಳಿಗೆ ಬೇರೆ ದಾರಿ ಹೊಳೆಯಿತು. ನಿಮ್ಮ ಮಗುವಿನದು ನಿಮ್ಮ ಮಗುವಿಗೇ! ಹೆಸರು ಬ್ಯಾಂಕ್, ಕೆಲಸ ಲಾಕರಿನದು. ಬ್ಯಾಂಕಿನಲ್ಲಿಟ್ಟ ದುಡ್ಡು ಇನ್ನೊಬ್ಬನ ಅಡಿಕೆ ತೋಟಕ್ಕೆ ಸಾಲವಾಗಿ ಹೋಗುತ್ತದೆ. ಲಾಕರಿನ ಚಿನ್ನ ಸುಮ್ನೆ ಕೂತಿರುತ್ತದೆ, ಬಾಡಿಗೆ ಓಡುತ್ತಿರುತ್ತದೆ.

ಭಾರತದಲ್ಲಿ ಈ ವ್ಯಾಪಾರ ಬಲಿತದ್ದು 2000ದ ನಂತರ. ಚೆನ್ನೈಯ ಲೈಫ್‌ಸೆಲ್ ಶುರುವಾದದ್ದು 2004ರಲ್ಲಿ. ಸಿನಿಮಾ ತಾರೆಯರ ಜಾಹೀರಾತು ಬಂತು, ಮನೆಗೆ ಒಂದೋ ಎರಡೋ ಮಕ್ಕಳು ಅನ್ನುವ ಕಾಲ ಬಂತು. ಅದೇ ಚೆನ್ನೈಯಲ್ಲಿ ಜೀವನ್ ಎಂಬ ಸಂಸ್ಥೆ ದಾನದ ಬ್ಯಾಂಕನ್ನೂ ಕಟ್ಟಿತ್ತು. ಅದರ ಹೆಸರು ನಮ್ಮೂರಿನಲ್ಲಿ ಎಷ್ಟು ಜನ ಕೇಳಿದ್ದಾರೆ? ದಾನ ಕೇಳಲು ಟೈ ಕಟ್ಟಿದ ಹುಡುಗ ಬರುವುದಿಲ್ಲ, ಅಲ್ವಾ.

ಹೆದರಿಕೆ ಮಾರುವುದು ನಮ್ಮ ಜಿಲ್ಲೆಯಲ್ಲಿ ಇನ್ನೂ ಸುಲಭ. ಗೇರು ತೋಟಗಳ ಮೇಲೆ ವರ್ಷಗಟ್ಟಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿದ ನೆಲ ಇದು. ಅದರಿಂದ ನರಳಿದ ಎಣ್ಮಕಜೆಯ ಮಕ್ಕಳನ್ನು ಕಂಡ ತಾಯಿಗೆ ಕಾಯಿಲೆಗಳ ಪಟ್ಟಿ ತೋರಿಸಿದರೆ ಅವಳು ಹೇಗೆ ಬೇಡ ಅನ್ನುತ್ತಾಳೆ?

ಆದರೆ ಆ ಪಟ್ಟಿ ಓದುವ ಕ್ರಮ ಬೇರೆ. ಮಗುವಿಗೆ ಥಲಸೇಮಿಯಾ ಎಂಬ ಹುಟ್ಟಿನಿಂದಲೇ ಬರುವ ರಕ್ತದ ಕಾಯಿಲೆ ಇದ್ದರೆ ಅದೇ ದೋಷ ಬಳ್ಳಿಯ ರಕ್ತದಲ್ಲೂ ಇರುತ್ತದೆ. ರಕ್ತದ ಕ್ಯಾನ್ಸರಿಗೂ ಮಗುವಿನ ಸ್ವಂತ ಬಳ್ಳಿರಕ್ತವನ್ನು ವೈದ್ಯರು ಸಾಮಾನ್ಯವಾಗಿ ಬಳಸುವುದಿಲ್ಲ. ಪಟ್ಟಿಯ ಹೆಚ್ಚಿನ ಕಾಯಿಲೆಗಳಿಗೆ ಬೇಕಾದದ್ದು ಇನ್ನೊಬ್ಬರ ರಕ್ತ. ತೆಗೆದದ್ದೂ ಸ್ವಲ್ಪವೇ, ಅರ್ಧ ಲೋಟದಷ್ಟು. ಮೈನಸ್ 196 ಡಿಗ್ರಿಯಲ್ಲಿ ಇಟ್ಟರೂ ಅದು ಜಾಸ್ತಿಯಾಗುವುದಿಲ್ಲ. ಬೆಳೆದ ಆಳಿಗೆ ಒಂದು ಚೀಲ ಹೆಚ್ಚಾಗಿ ಸಾಲುವುದಿಲ್ಲ. ಮೊದಲ 20 ವರ್ಷಗಳಲ್ಲಿ ಸ್ವಂತಕ್ಕೆ ಬೇಕಾಗುವ ಸಾಧ್ಯತೆ ಶೇ. 0.04ರಿಂದ 0.0005 ಅಂತ ಮಕ್ಕಳ ತಜ್ಞರ ರಾಷ್ಟ್ರೀಯ ಸಂಘ 2018ರಲ್ಲಿ ಹೇಳಿತು. ಅಂದರೆ ಹೆಚ್ಚೆಂದರೆ 2,500ರಲ್ಲಿ ಒಬ್ಬರು, ಕಡಿಮೆಯೆಂದರೆ 2 ಲಕ್ಷದಲ್ಲಿ ಒಬ್ಬರು. ಮನೆಯಲ್ಲಿ ದೊಡ್ಡ ಮಗುವಿಗೆ ಇದರಿಂದ ಗುಣವಾಗುವ ಕಾಯಿಲೆ ಇದ್ದರೆ ಮಾತು ಬೇರೆ. ಆಗ ತೆಗೆದಿಡುವುದೇ ಸರಿ.

ಇಂಥ ಬ್ಯಾಂಕುಗಳಿಗೆ ಸರ್ಕಾರ ಲೈಸೆನ್ಸಿನ ನಿಯಮ ತಂದದ್ದು 2011ರ ಕೊನೆಗೆ. ಮುಂದೆ ಸ್ವಂತಕ್ಕೆ ಬೇಕಾದೀತೆಂದು ಕೂಡಿಡುವುದಕ್ಕೆ ವೈಜ್ಞಾನಿಕ ಆಧಾರವಿಲ್ಲ ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2017ರ ಮಾರ್ಗಸೂಚಿಯಲ್ಲಿ ಬರೆಯಿತು. ಕಂಪನಿಗಳೂ ಸುಮ್ಮನಿರಲಿಲ್ಲ. ಅದೇ ವರ್ಷ ಲೈಫ್‌ಸೆಲ್ ಸಮುದಾಯ ಬ್ಯಾಂಕ್ ತಂತು: ದುಡ್ಡು ಕಟ್ಟಿದವರೆಲ್ಲ ಒಂದೇ ರಾಶಿಯಿಂದ ತೆಗೆದುಕೊಳ್ಳಬಹುದು. ದಾನದ ತತ್ವವೇ ಹಿಂಬಾಗಿಲಿಂದ ಬಂತು, ಒಳಗೆ ಹೋಗಲು ಟಿಕೆಟ್ ಬೇಕು ಅಷ್ಟೇ. 2022ರ ಜುಲೈಯಲ್ಲಿ ಈ ಬ್ಯಾಂಕುಗಳ ಸೇವೆಗಿದ್ದ ಜಿಎಸ್‌ಟಿ ವಿನಾಯಿತಿಯೂ ಹೋಯಿತು. ಮರುವರ್ಷ ಸಿಂಗಪುರದ ದೊಡ್ಡ ಬ್ಯಾಂಕೊಂದರಲ್ಲಿ ಟ್ಯಾಂಕಿನ ತಂಪು ತಪ್ಪಿ ಎರಡು ಸಾವಿರಕ್ಕೂ ಹೆಚ್ಚು ಕುಟುಂಬಗಳು ಇಟ್ಟದ್ದು ಹಾಳಾದದ್ದು ಬಯಲಾಯಿತು.

ಅಕ್ಕನ ಮಗಳು ಬಳ್ಳಿರಕ್ತ ತೆಗೆದಿಡುವ ಕಿಟ್ ತೆಗೆದುಕೊಳ್ಳಲಿಲ್ಲ. ಡಾಕ್ಟರ ಹತ್ತಿರ ಒಂದೇ ಕೇಳಿದಳು: ಬಳ್ಳಿ ಕತ್ತರಿಸಲು ಒಂದು ನಿಮಿಷವಾದರೂ ಕಾಯುತ್ತೀರಾ? ವಿಶ್ವ ಆರೋಗ್ಯ ಸಂಸ್ಥೆ ಹೇಳುವುದೂ ಅದನ್ನೇ. ಆ ನಿಮಿಷದಲ್ಲಿ ಮಗುವಿನ ಮೈಗೆ ಇಳಿಯುವುದು ಚೀಲಕ್ಕೆ ಹೋಗಬೇಕಾಗಿದ್ದ ಅದೇ ರಕ್ತ.

ತೊಟ್ಟಿಲು ತೂಗುತ್ತಾ ನನ್ನಮ್ಮ ವಿಚಾರಿಸಿದರು, ‘ಮಾಸು ಎಲ್ಲಿ ಹಾಕಿದ್ದಾರಂತೆ?’

‘ಆಸ್ಪತ್ರೆ ಕಸದ ಹಳದಿ ಚೀಲಕ್ಕೆ ಅಜ್ಜಿ’ ಅಂದಳು ಅವಳು.