ಹಿಂದಿನ ಸೀಟಿನ ಸ್ವಾತಂತ್ರ್ಯ

‘ನನ್ನ ಜೀವ, ನನ್ನ ಇಷ್ಟ, ನಡುವೆ ಸರಕಾರದ್ದೇನು?’ ಸೀಟ್ ಬೆಲ್ಟ್‌ನ ಮಾತು ಬಂದಾಗಲೆಲ್ಲ ಮುಂಬೈ ಕಡೆಯ ನಮ್ಮ ಡೊಂಬಿವಲಿ, ಮಾಟುಂಗದ ಕನ್ನಡಿಗರ ಹರಟೆಯಲ್ಲಿ ಈ ಪ್ರಶ್ನೆ ಏಳುತ್ತದೆ. ತಳ್ಳಿಹಾಕುವ ಪ್ರಶ್ನೆಯಲ್ಲ. ಆದರೆ ಇದಕ್ಕೆ ಕಾನೂನಿಗಿಂತ ಮೊದಲು ಭೌತವಿಜ್ಞಾನವೇ ಉತ್ತರ ಹೇಳುತ್ತದೆ.

ಗಂಟೆಗೆ 60 ಕಿ.ಮೀ. ವೇಗದ ಕಾರು ಗೋಡೆಗೆ ಗುದ್ದಿತು ಅನ್ನಿ. ಕಾರು ನಿಂತರೂ ಒಳಗಿನ ದೇಹ ಅದೇ ವೇಗದಲ್ಲಿ ಮುಂದಕ್ಕೆ ಧಾವಿಸುತ್ತದೆ. 14 ಮೀಟರ್ ಎತ್ತರದಿಂದ, ಎಂದರೆ ನಾಲ್ಕನೆಯ ಮಹಡಿಯ ಆಸುಪಾಸಿನಿಂದ ಬಿದ್ದವರು ನೆಲ ಮುಟ್ಟುವಾಗ ಇರುವ ವೇಗ ಅದು. ಪೆಟ್ಟು ಎಷ್ಟು ಎಂಬುದನ್ನು ನಿರ್ಧರಿಸುವುದು ನಿಲ್ಲಲು ಸಿಗುವ ದೂರ. ಕಾರಿನ ಮುಂಭಾಗ ಮಡಚಿಕೊಂಡು, ಬೆಲ್ಟ್ ತುಸು ಜಗ್ಗಿ, ದೇಹ ಅರ್ಧ ಮೀಟರಿನಲ್ಲಿ ನಿಂತರೆ ಅದರ ಮೇಲೆ ಸರಾಸರಿ ಸ್ವಂತ ತೂಕದ 28 ಪಟ್ಟು ಬಲ ಬೀಳುತ್ತದೆ. ಆ ಬಲವನ್ನೂ ಬೆಲ್ಟ್ ಹೊಟ್ಟೆಗಲ್ಲ, ಸೊಂಟದ ಮತ್ತು ಎದೆಗೂಡಿನ ಗಟ್ಟಿ ಎಲುಬುಗಳಿಗೆ ಹಂಚುತ್ತದೆ. ಬೆಲ್ಟ್ ಇಲ್ಲದ ದೇಹ ಗಟ್ಟಿ ವಸ್ತುವಿಗೆ ಬಡಿದು ಐದೇ ಸೆಂಟಿಮೀಟರಿನಲ್ಲಿ ನಿಂತರೆ ಬಲ 280 ಪಟ್ಟು.

ಈಗ ಹಿಂದಿನ ಸೀಟಿಗೆ ಬನ್ನಿ. ಅಲ್ಲಿಂದ ಹಾರಿದ 70 ಕಿಲೋ ದೇಹ ಹೋಗಿ ಅಪ್ಪಳಿಸುವುದು ಮುಂದೆ ಬೆಲ್ಟ್ ಹಾಕಿಕೊಂಡು ಕುಳಿತವರ ಬೆನ್ನಿಗೆ. ‘ನನ್ನ ಇಷ್ಟ’ ಎಂಬ ವಾದ ಅಲ್ಲಿಗೆ ಮುಗಿಯಿತು. ಒಬ್ಬರೇ ಕಾರು ಓಡಿಸುವಾಗ ಮಾತ್ರ ಅದಕ್ಕೆ ಇನ್ನೂ ಕೊಂಚ ಕಸುವಿದೆ, ಒಪ್ಪುತ್ತೇನೆ. ಆದರೂ ಮೊದಲ ಗುದ್ದಿಗೇ ಸೀಟಿನಿಂದ ಜಾರಿದ ಚಾಲಕನ ಕೈಯಲ್ಲಿ ಸ್ಟೀರಿಂಗ್ ಉಳಿಯುವುದಿಲ್ಲ. ಮುಂದಿನ ಗುದ್ದು ಯಾರಿಗೋ!

ವೋಲ್ವೋದ ನಿಲ್ಸ್ ಬೋಲಿನ್ ಸೊಂಟ, ಎದೆ ಎರಡನ್ನೂ ಹಿಡಿಯುವ ಈಗಿನ ಮೂರು ಬಿಂದುಗಳ ಬೆಲ್ಟ್ ರೂಪಿಸಿದ್ದು 1959ರ ಹೊತ್ತಿಗೆ. ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯ 1970ರಲ್ಲೇ ಅದನ್ನು ಕಡ್ಡಾಯ ಮಾಡಿತು. ಹಿಂದೆ ಕುಳಿತವರೂ ಬೆಲ್ಟ್ ಹಾಕಬೇಕೆಂಬ ನಿಯಮ ನಮ್ಮ ಕಾನೂನು ಪುಸ್ತಕದಲ್ಲಿ ಮೊದಲೇ ಇತ್ತು, ಕೇಳುವವರಿರಲಿಲ್ಲ. 2022ರ ಸೆಪ್ಟೆಂಬರ್ 4ರಂದು ಪಾಲ್ಘರ್ ಬಳಿ ಸೂರ್ಯಾ ನದಿಯ ಸೇತುವೆಯಲ್ಲಿ, ಬೆಲ್ಟ್ ಹಾಕದೆ ಹಿಂದಿನ ಸೀಟಿನಲ್ಲಿದ್ದ ಉದ್ಯಮಿ ಸೈರಸ್ ಮಿಸ್ತ್ರಿ ಕಾರು ಅಪಘಾತದಲ್ಲಿ ತೀರಿಕೊಂಡ ಮೇಲೆ, ಆ ನಿಯಮವನ್ನು ನವೆಂಬರ್ 1ರಿಂದ ಜಾರಿಗೆ ತರುವುದಾಗಿ ಮುಂಬೈ ಸಂಚಾರ ಪೊಲೀಸರು ಪ್ರಕಟಿಸಿದರು. ಮೋಟಾರು ವಾಹನ ಕಾಯ್ದೆಯ ಪ್ರಕಾರ ದಂಡ 1000 ರೂಪಾಯಿ.

ನನ್ನ ತಕರಾರು ಬೇರೆ. ಇಲ್ಲಿ ಎಷ್ಟೋ ಟ್ಯಾಕ್ಸಿಗಳಲ್ಲಿ ಹಿಂದಿನ ಪಟ್ಟಿ ಕೈಗೆ ಸಿಗುತ್ತದೆ, ಸಿಕ್ಕಿಸುವ ಬಕಲ್ ಮಾತ್ರ ಸೀಟ್ ಕವರಿನ ಅಡಿಯಲ್ಲಿ ಹೂತುಹೋಗಿರುತ್ತದೆ. ಅಂಥ ಗಾಡಿಯ ಪ್ರಯಾಣಿಕರಿಂದ ದಂಡ ಕೀಳುವ ಮೊದಲು, ಬಕಲ್ ಕಾಣದ ಟ್ಯಾಕ್ಸಿಗೆ ಫಿಟ್‌ನೆಸ್ ಪ್ರಮಾಣಪತ್ರವನ್ನೇ ಕೊಡದಿದ್ದರೆ ಸರಿ.