ಚಿಕ್ಕಮ್ಮನ ರೆಸಿಪಿಯ ಬನ್ ನಮ್ಮ ಮನೆಯಲ್ಲಿ ಯಾಕೆ ಗಟ್ಟಿ?

ಪ್ರಶ್ನೆ: ಮೈಸೂರಿನ ಕುವೆಂಪುನಗರದಲ್ಲಿರುವ ನಮ್ಮ ಚಿಕ್ಕಮ್ಮ ಮಾಡುವ ಬನ್ ಮಾರನೇ ದಿನಕ್ಕೂ ಮೆತ್ತಗಿರುತ್ತದೆ. ರೆಸಿಪಿ ಬರೆಸಿಕೊಂಡು ಬಂದು ಮಾಡಿದೆ. ಮೂರು ಕಪ್ ಮೈದಾ, ಒಂದು ಕಪ್ ಹಾಲು, ಎರಡು ಟೀ ಚಮಚ ಯೀಸ್ಟ್, ಬೆಣ್ಣೆ, ಉಪ್ಪು, ಒಂದು ಗಂಟೆ ಉಬ್ಬಲು ಬಿಡುವುದು. ಸಕ್ಕರೆ ಬದಲು ಬೆಲ್ಲ ಹಾಕಿದೆ, ಅಷ್ಟೇ ವ್ಯತ್ಯಾಸ. ಬನ್ ಗಟ್ಟಿಯಾಯಿತು. ಬೆಲ್ಲದಿಂದಲೇ ಹೀಗಾಯಿತಾ? (ಮಂಡ್ಯದ ಓದುಗರೊಬ್ಬರು)

ಬೆಲ್ಲದ ಮೇಲೆ ಅನುಮಾನ ಬೇಡ. ನನಗೆ ಅನುಮಾನ ಇರುವುದು ಕಪ್ ಮೇಲೆ.

ಮೈದಾವನ್ನು ಚಮಚದಲ್ಲಿ ಹಗುರಾಗಿ ಕಪ್‌ಗೆ ತುಂಬಿ ಮೇಲೆ ಸಮ ಮಾಡಿದರೆ ಸುಮಾರು 120 ಗ್ರಾಂ ಬರುತ್ತದೆ. ಅದೇ ಕಪ್ಪನ್ನು ಡಬ್ಬಿಯೊಳಗೆ ಒತ್ತಿ ಎತ್ತಿದರೆ 150 ಗ್ರಾಂ ಆಗುವುದೂ ಉಂಟು. ಮೂರು ಕಪ್‌ಗೆ 90 ಗ್ರಾಂ ವ್ಯತ್ಯಾಸ! ಹಾಲು ಮಾತ್ರ ಇಬ್ಬರದೂ 240 ಮಿಲಿ. ಅಂದರೆ ಚಿಕ್ಕಮ್ಮನ ಹಿಟ್ಟಿನಲ್ಲಿ 100 ಗ್ರಾಂ ಮೈದಾಗೆ ಸುಮಾರು 67 ಮಿಲಿ ಹಾಲು ಇದ್ದರೆ, ನಿಮ್ಮದರಲ್ಲಿ 53 ಮಿಲಿ ಇದ್ದಿರಬಹುದು. ಬನ್ ಗಟ್ಟಿಯಾಗಲು ಇಷ್ಟು ಸಾಕು. ಅವರ ಮನೆಯ ಕಪ್ ನಿಜವಾಗಿ ಅಳತೆಯ ಕಪ್ಪೋ, ಕಾಫಿ ಲೋಟವೋ ಅದೂ ಗೊತ್ತಿಲ್ಲ ಅಲ್ವಾ? ಹಾಗಾಗಿ ಚಿಕ್ಕಮ್ಮನಿಗೆ ಒಂದು ಫೋನ್ ಮಾಡಿ. ಮುಂದಿನ ಸಲ ಬನ್ ಮಾಡುವಾಗ ಹಿಟ್ಟು, ಹಾಲು ಎರಡನ್ನೂ ತೂಕ ಮಾಡಿ ಹೇಳಲು ಕೇಳಿ. ಅಡುಗೆಮನೆಗೆ ಒಂದು ಸಣ್ಣ ತೂಕದ ಮಷೀನು ತರುವುದು ಓವನ್ ತರುವಷ್ಟೇ ಮುಖ್ಯ ಎಂದು ನಾನು ನಂಬುತ್ತೇನೆ.

ಅದಕ್ಕಿಂತ ದೊಡ್ಡ ವಿಷಯ ಹದ. ರೆಸಿಪಿ ಕೇಳುವಾಗ ನಾವೆಲ್ಲ ಅಳತೆ ಬರೆದುಕೊಳ್ಳುತ್ತೇವೆ, ಕಲಸಿದ ಹಿಟ್ಟು ಹೇಗಿತ್ತು ಎಂದು ಕೇಳುವುದೇ ಇಲ್ಲ. ಬನ್ ಹಿಟ್ಟು ಚಪಾತಿ ಹಿಟ್ಟಿನಂತೆ ಇರಬಾರದು. ಒಬ್ಬಟ್ಟಿನ ಕಣಕದ ಕಡೆಗೆ ವಾಲಿರಬೇಕು. ಮೊದಲು ಕೈಗೆ ಅಂಟುತ್ತದೆ. ಆಗ ಇನ್ನೊಂದು ಹಿಡಿ ಮೈದಾ ಉದುರಿಸೋಣ ಅನ್ನಿಸುತ್ತದೆ. ದಯವಿಟ್ಟು ಉದುರಿಸಬೇಡಿ. ಹತ್ತು ನಿಮಿಷ ಮುಚ್ಚಿಟ್ಟು, ಆಮೇಲೆ ಹತ್ತು ಹನ್ನೆರಡು ನಿಮಿಷ ಚೆನ್ನಾಗಿ ನಾದಿ. ಮೈದಾದ ಪ್ರೋಟೀನು ನೀರು ಹೀರಿ ಗ್ಲುಟನ್ ಎಳೆ ಕಟ್ಟುತ್ತದೆ, ಅಂಟು ತಾನಾಗಿ ಕಡಿಮೆಯಾಗುತ್ತದೆ. ಸ್ವಲ್ಪ ಹಿಟ್ಟು ತೆಗೆದು ಎರಡೂ ಕೈಯಲ್ಲಿ ಎಳೆದರೆ, ಹರಿಯದೆ ಬೆಳಕು ಕಾಣುವಷ್ಟು ತೆಳ್ಳಗಾಗಬೇಕು. ಅಲ್ಲಿಯವರೆಗೂ ನಾದಬೇಕು. ಬೆಣ್ಣೆಯನ್ನು ಕೊನೆಯಲ್ಲಿ ಸೇರಿಸಿ. ಮೊದಲೇ ಹಾಕಿದರೆ ಎಳೆ ಕಟ್ಟಲು ತಡವಾಗುತ್ತದೆ. ಮನೆಯಲ್ಲಿ ಕಡೆದ ಬೆಣ್ಣೆಯಲ್ಲಿ ನೀರಿನ ಅಂಶ ಜಾಸ್ತಿ ಇರುತ್ತದೆ, ಚೆನ್ನಾಗಿ ಹಿಂಡಿಕೊಳ್ಳಿ. ಇನ್ನು ಅರ್ಧದಷ್ಟು ಗೋಧಿ ಹಿಟ್ಟು ಹಾಕುವವರಿಗೆ ಒಂದು ಮಾತು: ಅದು ಮೈದಾಗಿಂತ ಹೆಚ್ಚು ನೀರು ಕುಡಿಯುತ್ತದೆ, ಹಾಲು ಹೆಚ್ಚಿಸಲೇಬೇಕು.

ಒಂದು ಗಂಟೆ ಅನ್ನುವುದನ್ನೂ ಹಾಗೇ ನಂಬಬೇಡಿ. ಯೀಸ್ಟ್ ಗಡಿಯಾರ ನೋಡುವುದಿಲ್ಲ, ಅದಕ್ಕೆ ಬೇಕಿರುವುದು ಬೆಚ್ಚಗಿನ ಜಾಗ. ಏಪ್ರಿಲ್ ಮಧ್ಯಾಹ್ನ ನಮ್ಮ ಕಡೆ 34, 35 ಡಿಗ್ರಿ ಇರುವಾಗ ಮುಕ್ಕಾಲು ಗಂಟೆಯಲ್ಲೇ ಹಿಟ್ಟು ಎರಡರಷ್ಟಾಗಬಹುದು. ಜನವರಿ ಬೆಳಗ್ಗೆ ಎರಡು ಗಂಟೆ ಬೇಕಾಗಬಹುದು. ಬನ್ ಆಕಾರ ಮಾಡಿ ಎರಡನೇ ಸಲ ಉಬ್ಬಲು ಬಿಟ್ಟಾಗ ಬೆರಳಿಂದ ಮೆಲ್ಲಗೆ ಒತ್ತಿ ನೋಡಿ. ಗುಳಿ ತಕ್ಷಣ ಮೇಲೆ ಬಂದರೆ ಇನ್ನೂ ಕಾಯಬೇಕು. ನಿಧಾನವಾಗಿ ಅರ್ಧ ಮಾತ್ರ ತುಂಬಿಕೊಂಡರೆ ಓವನ್‌ಗೆ ಇಡುವ ಹೊತ್ತು. ಹಾಲು ಎಷ್ಟು ಬಿಸಿ ಇರಬೇಕು ಎಂದು ಬಹಳ ಜನ ಕೇಳುತ್ತಾರೆ. ಬೆರಳು ಅದ್ದಿದರೆ ಹಿತವಾಗಿರಬೇಕು, ಅಷ್ಟೇ. 60 ಡಿಗ್ರಿ ತಲುಪಿದರೆ ಯೀಸ್ಟ್ ಸತ್ತೇ ಹೋಗುತ್ತದೆ.

ಈಗ ಬೆಲ್ಲ. ಮಂಡ್ಯದಲ್ಲಿ ಕೂತು ಬೆಲ್ಲ ಬೇಡ ಎಂದು ಹೇಳುವುದು ಹೇಗೆ! ಧಾರಾಳವಾಗಿ ಹಾಕಿ, ಯೀಸ್ಟ್‌ಗೆ ಅದೂ ಊಟವೇ. ಆದರೆ ಬಿಸಿ ಹಾಲಿಗೆ ನೇರವಾಗಿ ಹಾಕಬೇಡಿ, ಹಾಲು ಒಡೆಯಬಹುದು. ಎರಡು ಚಮಚ ನೀರಿನಲ್ಲಿ ಕರಗಿಸಿ, ಸೋಸಿ, ಆರಿದ ಮೇಲೆ ಬೆರೆಸಿ. ಆ ಎರಡು ಚಮಚದಷ್ಟು ಹಾಲು ಕಡಿಮೆ ಮಾಡಿ. ಬೆಲ್ಲವೋ ಸಕ್ಕರೆಯೋ, 360 ಗ್ರಾಂ ಮೈದಾಗೆ 35 ಗ್ರಾಂ ಒಳಗೇ ಇರಲಿ. ಸಿಹಿ ತುಂಬಾ ಜಾಸ್ತಿಯಾದರೆ ಯೀಸ್ಟ್ ಕೆಲಸ ನಿಧಾನವಾಗುತ್ತದೆ. ಬೆಲ್ಲ ಹಾಕಿದ ಬನ್ ಬೇಗ ಕೆಂಪಾಗುತ್ತದೆ. ಆ ಬಣ್ಣ ನೋಡಿ ಬೆಂದಿದೆ ಎಂದುಕೊಂಡು ಹೊರಗೆ ತೆಗೆಯಬೇಡಿ. ಮೇಲೆ ಫಾಯಿಲ್ ಮುಚ್ಚಿ ಬೇಯಲು ಬಿಡಿ.

ಚಿಕ್ಕಮ್ಮನ ರೆಸಿಪಿಯಲ್ಲಿ ಮೊಟ್ಟೆ ಇಲ್ಲ, ಅದರಿಂದ ತೊಂದರೆಯೂ ಇಲ್ಲ. ನಮ್ಮ ಅಯ್ಯಂಗಾರ್ ಬೇಕರಿಗಳು ಮೊಟ್ಟೆಯಿಲ್ಲದೆಯೇ ಎಷ್ಟು ಮೆತ್ತನೆಯ ಬನ್ ಮಾಡುತ್ತಾ ಬಂದಿವೆ. ಮೊಟ್ಟೆ ಇರುವ ಬೇರೆ ರೆಸಿಪಿ ಸಿಕ್ಕಿ ಅದನ್ನು ಬಿಡುವುದಾದರೆ ಮಾತ್ರ, ಒಂದು ಮೊಟ್ಟೆಗೆ 40 ಮಿಲಿಯಷ್ಟು ಹಾಲು ಜಾಸ್ತಿ ಹಾಕಿ. ಮೊಟ್ಟೆಯಲ್ಲಿ ಮುಕ್ಕಾಲು ಪಾಲು ನೀರೇ.

ಓವನ್ ಬಗ್ಗೆ ಚಿಕ್ಕದಾಗಿ: ಒಟಿಜಿಯನ್ನು 180 ಡಿಗ್ರಿಗೆ ಹದಿನೈದು ನಿಮಿಷ ಮೊದಲೇ ಕಾಯಿಸಿ. 60 ಗ್ರಾಂನ ಉಂಡೆಗಳಿಗೆ 18ರಿಂದ 20 ನಿಮಿಷ ಸಾಕು. ಶಾಖ ಕಡಿಮೆಯಿದ್ದು ಬಹಳ ಹೊತ್ತು ಒಳಗಿದ್ದರೆ ಬನ್ ಒಣಗುತ್ತದೆ. ಹೊರಗೆ ತೆಗೆದ ಕೂಡಲೇ ಬೆಣ್ಣೆ ಸವರಿ, ಬಟ್ಟೆ ಮುಚ್ಚಿ. ಮೇಲಿನ ಪದರ ಮೆತ್ತಗಾಗುವುದು ಆಗಲೇ.

ಈ ಸಲ ಮಾಡಿದ್ದನ್ನು ಎಸೆಯಬೇಡಿ. ಇಡ್ಲಿ ಪಾತ್ರೆಯಲ್ಲಿ ಎರಡು ನಿಮಿಷ ಆವಿಗೆ ಇಟ್ಟು ಬಿಸಿಯಾಗಿಯೇ ತಿನ್ನಿ, ಸ್ವಲ್ಪ ಮೆತ್ತಗಾಗುತ್ತದೆ. ಉಳಿದದ್ದನ್ನು ಹೋಳು ಮಾಡಿ ತುಪ್ಪ ಹಾಕಿ ಕಾವಲಿಯ ಮೇಲೆ ಸುಟ್ಟುಕೊಳ್ಳಿ.